ಉರಿಯ ಉಸಿರಿಗೆ ಕಿವಿಗೊಡುವ ಮೆನ್ನಾ

ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಕ್ಯಾಪೆಲ್ ಬೀದಿಯಲ್ಲಿ ನಿಂತ ಕಾರುಗಳ ಮೇಲೆಲ್ಲ ಹಿಮ ಉಪ್ಪಿನ ಹಾಗೆ ಗಟ್ಟಿ ಕೂತಿದೆ. ಬೆಟ್ಟಕ್ಕೆ ಆತುಕೊಂಡ ಸಾಲುಮನೆಗಳಲ್ಲೊಂದರ ಅಡುಗೆಮನೆಯಲ್ಲಿ ಮೆನ್ನಾ ಪ್ರೋಸರ್ ಮಡಚುವ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾರೆ. ಎಡಗೈ ಮೇಲೆತ್ತಿ, ಮನೆಯನ್ನೆಲ್ಲ ಬೆಚ್ಚಗಿಡುವ, ಗೋಡೆಗೆ ತೂಗುಹಾಕಿದ ಗ್ಯಾಸ್ ಬಾಯ್ಲರಿನ ತಳಕ್ಕೆ ಅಂಗೈ ಒತ್ತಿದ್ದಾರೆ. ಬಾಯ್ಲರ್ ಚೆನ್ನಾಗಿಯೇ ಉರಿಯುತ್ತಿದೆ. ಅವರು ಅದು ಕೆಡಲಿ ಎಂದು ಕಾಯುತ್ತಿದ್ದಾರೆ.

"ರಿಪೇರಿಗೆ ಬಂದು ಕೆಡ್ಲಿ ಅಂತ ಕಾಯೋರ್ನ ನಾನು ನೋಡೇ ಇರ್ಲಿಲ್ಲ," ಅನ್ನುತ್ತಾಳೆ ಮನೆಯೊಡತಿ ಕೆರಿಸ್. ಅವಳ ಹೆಗಲ ಮೇಲೆ ಎಳೆಗೂಸು, ಮೈಮೇಲೆ ರಾತ್ರಿ ಪಾಳಿಗೆ ಹೋದ ಗಂಡನ ಕೋಟು.

"ಚೆನ್ನಾಗಿ ನಡೀತಿರೋದ್ರಲ್ಲಿ ತಪ್ಪು ಹುಡುಕೋಕೆ ನಾನೇನು ನಿಮ್ಮತ್ತೆನಾ? ಕೆಡ್ಲಿ ಬಿಡು ಬಂಗಾರಿ, ಆಮೇಲೆ ನೋಡೋಣ."

ಚಳಿ ಬಿರುಸಾದ ಮೇಲೆ ಈ ಬಾಯ್ಲರ್ ದಿನಾ ನಸುಕಿನಲ್ಲಿ ಆರಿಹೋಗುತ್ತದೆ. ಕೆಂಪು ದೀಪ ಮಿಣುಕುತ್ತದೆ, ಮನೆ ಕೊರೆಯಲು ಶುರುವಾಗುತ್ತದೆ. ಮೊದಲು ಕರೆಸಿದ ಮೆಕ್ಯಾನಿಕ್ ಎರಡು ಸಲ ಬಂದು, ಕಿಡಿ ಹೊತ್ತಿಸುವ ಭಾಗ ಬದಲಾಯಿಸಿ ಹೋಗಿದ್ದಾನೆ. ಅವನು ಬಂದಾಗಲೆಲ್ಲ ಅದು ಒಳ್ಳೆಯ ಮಗುವಿನ ಹಾಗೆ ಉರಿದಿದೆ. "ಅವನದೇನೂ ತಪ್ಪಿಲ್ಲ. ಪಾಪ, ಮಧ್ಯಾಹ್ನ ಬಂದಿದ್ದಾನೆ. ಜಗಳ ನಡೆಯೋದು ಬೆಳಗ್ಗೆ," ಅನ್ನುತ್ತಾರೆ ಮೆನ್ನಾ. ಅದಕ್ಕೇ ಅವರು ಕತ್ತಲಲ್ಲೇ ಎದ್ದು ಬಂದಿದ್ದಾರೆ.

ಮೆನ್ನಾಗೆ ಅರವತ್ತು ದಾಟಿದೆ. ದಕ್ಷಿಣ ವೇಲ್ಸಿನ ಈ ಕಣಿವೆಯಲ್ಲೇ ಹುಟ್ಟಿ, ಇಲ್ಲೇ ಇದ್ದವರು. ಅಪ್ಪ ಕಲ್ಲಿದ್ದಲು ಗಣಿಗೆ ಇಳಿಯುತ್ತಿದ್ದರು. ಗಣಿ ಮುಚ್ಚಿತು. ಮೆನ್ನಾ ಒಳಉಡುಪು ಹೊಲಿಯುವ ಕಾರ್ಖಾನೆಗೆ ಸೇರಿದರು, ಅದೂ ಮುಚ್ಚಿತು. ಕೈಯಲ್ಲಿ ಕೆಲಸವಿಲ್ಲದ ನಲವತ್ತರ ವಯಸ್ಸಿನಲ್ಲಿ ಗ್ಯಾಸ್ ಕೆಲಸ ಕಲಿಯಲು ಹುಡುಗರ ನಡುವೆ ಹೋಗಿ ಕೂತರು. "ಮೊದಲ ದಿನ ಒಬ್ಬ, 'ಆಂಟೀ, ಕ್ಯಾಂಟೀನು ಆ ಕಡೆ' ಅಂದ. 'ಗೊತ್ತು ಕಣೋ, ನಿನ್ನ ತುಟೀಲಿ ಇನ್ನೂ ಸಾಸ್ ಇದೆ' ಅಂದೆ. ಆಮೇಲೆ ಯಾರೂ ಮಾತಾಡ್ಲಿಲ್ಲ."

ಆದರೆ ರಿಪೇರಿಗೆ ಹೋದ ಮನೆಬಾಗಿಲುಗಳಲ್ಲಿ ಜನ ಮಾತಾಡುತ್ತಲೇ ಇದ್ದರು. ಎಷ್ಟೋ ಮನೆಗಳಲ್ಲಿ ಅವರ ಭುಜದ ಮೇಲಿಂದ ಇಣುಕಿ, "ನಿಮ್ಮ ಯಜಮಾನ್ರು ವ್ಯಾನಲ್ಲಿದ್ದಾರಾ?" ಎಂದು ಕೇಳುತ್ತಿದ್ದರು. "ನಮ್ಮ ಯಜಮಾನ್ರಿಗೆ ಬಲ್ಬು ಬದಲಾಯ್ಸೋಕೂ ಬರಲ್ಲ. ಅವರೇ ಬೇಕಾ, ಕರೀಲಾ?" ಎಂದು ಮೆನ್ನಾ ನಗದೆ ಕೇಳುತ್ತಿದ್ದರು. ಚಳಿಗಾಲದಲ್ಲಿ ಈಗಲೂ ದಿನಕ್ಕೆ ಏಳೆಂಟು ಮನೆ. ಮಂಡಿ ಸವೆದಿದೆ, ಬೆರಳ ತುದಿಗಳು ಒಡೆದು ಗೀರುಬಿಟ್ಟಿವೆ. ಆದರೆ ಕಿವಿ ಮಾತ್ರ ಚೂಪಾಗುತ್ತ ಬಂದಿದೆ.

"ಒಳ್ಳೆ ಉರಿ ನಿದ್ದೆ ಮಾಡೋರ ಥರ ಉಸಿರಾಡುತ್ತೆ. ಗಾಳಿ ಸಾಲದಿದ್ರೆ ಅದರ ಉಸಿರು ಎಳೆಯೋಕೆ ಶುರುವಾಗುತ್ತೆ. ತಗೋ, ಈಗ ಕೇಳು," ಎಂದು ಅವರು ತಟ್ಟನೆ ಕಣ್ಣು ಬಿಡುತ್ತಾರೆ.

ಕೆರಿಸ್‌ಗೆ ಏನೂ ಕೇಳಿಸುವುದಿಲ್ಲ. ಎಲ್ಲ ಮೊದಲಿನ ಹಾಗೇ ಇದೆ. ಮೆನ್ನಾ ಎದ್ದು, ಬಾಯ್ಲರಿನ ಗಾಳಿಕೊಳವೆಯ ಸಣ್ಣ ಕಂಡಿಗೆ ಹೊಗೆ ಅಳೆಯುವ ಮೀಟರಿನ ಮೂತಿ ತೂರಿಸುತ್ತಾರೆ. ಅಂಕಿಗಳು ಏರತೊಡಗುತ್ತವೆ. ಆಮೇಲಷ್ಟೇ ಉರಿ ಒಮ್ಮೆ ನಡುಗಿ, ಪುಸ್ಸೆಂದು ಆರಿಹೋಗುತ್ತದೆ. ಕೆಂಪು ದೀಪ ಹತ್ತಿಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಉಸಿರು ಕಟ್ಟುತ್ತಿರುವುದನ್ನು ಅದು ಆರುವ ಮೊದಲೇ ಈ ಹೆಂಗಸು ಅಂಗೈಯಲ್ಲಿ ಹಿಡಿದರಲ್ಲ ಎಂದು ಕೆರಿಸ್ ಬಾಯಿ ಬಿಟ್ಟು ನೋಡುತ್ತಾಳೆ.

ಮೆನ್ನಾ ಮುಖದಲ್ಲಿ ಗೆದ್ದ ಖುಷಿಯಿಲ್ಲ.

"ಹೊರಗಿಂದ ಬರ್ತಿರೋದು ಒಳ್ಳೆ ಗಾಳಿಯಲ್ಲ. ತಾನೇ ಬಿಟ್ಟ ಹೊಗೇನ ಇದು ತಾನೇ ಒಳಗೆ ಎಳ್ಕೊಳ್ತಿದೆ. ಈ ಕೊಳವೆ ಹೊರಗೆ ಎಲ್ಲಿ ಬಾಯಿ ಬಿಟ್ಟಿದೆ?"

"ಹಿಂದುಗಡೆ. ಪಕ್ಕದ್ಮನೆ ಗೆರೈಂಟ್ ಅಲ್ಲಿ ಪ್ಲಾಸ್ಟಿಕ್ ಚಾವಣಿ ಹಾಕ್ಕೊಂಡಿದ್ದಾರೆ, ನಮ್ಮ ಗೋಡೆಗೆ ಆನಿಸಿ. ಲೀಕ್ ಈರುಳ್ಳಿ ಸಸಿ ಬೆಳೆಸ್ತಾರೆ, ತರಕಾರಿ ಸ್ಪರ್ಧೆಗೆ. ನಾನೇ ಹೂಂ ಅಂದಿದ್ದೆ."

"ಸುತ್ತ ತೆರೆದಿದೆಯಾ?"

"ಇತ್ತು. ಹಿಮ ಬೀಳೋಕೆ ಶುರುವಾದ ಮೇಲೆ ರಾತ್ರಿ ಎಲ್ಲಾ ಕಡೆ ಗಟ್ಟಿ ಶೀಟು ನಿಲ್ಲಿಸಿ ಬಿಗಿ ಮಾಡ್ತಾರೆ. ಬಿಸಿಲು ಬಂದ್ಮೇಲೆ ತೆಗೀತಾರೆ."

"ಈಗ ಗೆರೈಂಟ್ ಎಲ್ಲಿ?"

"ಅಲ್ಲೇ ಇರ್ತಾರಲ್ಲ. ಬೆಳಗಿನ ಟೀ ಅಲ್ಲೇ. ಸಸಿಗಳ ಜೊತೆ ಮಾತಾಡ್ತಾ…" ಕೆರಿಸ್ ಹಿಂಬಾಗಿಲ ಕಡೆ ತಿರುಗುತ್ತಾಳೆ.

ಮೆನ್ನಾ ಗ್ಯಾಸಿನ ವಾಲ್ವು ತಿರುಗಿಸಿ ಬಂದ್ ಮಾಡಿ, ಪೈಪು ಹಿಡಿಯುವ ದೊಡ್ಡ ಸ್ಪ್ಯಾನರು ಎತ್ತಿಕೊಂಡು, ಸವೆದ ಮಂಡಿಯಲ್ಲೇ ಓಡುತ್ತಾರೆ. ಹಿತ್ತಲ ಪ್ಲಾಸ್ಟಿಕ್ ಗೋಡೆಯೊಳಗೆ ಮಂದ ದೀಪವೊಂದು ಉರಿಯುತ್ತಿದೆ. ಕುರ್ಚಿಯಲ್ಲಿ ಒಬ್ಬರ ನೆರಳು. "ಗೆರೈಂಟ್!" ಎಂದು ಕೂಗಿದರೆ ಉತ್ತರವಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ.

ಈ ಹೊಗೆಯಲ್ಲಿರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಎಚ್ಚರವಾಗದ ನಿದ್ದೆ. ಮೆನ್ನಾ ಸ್ಪ್ಯಾನರು ಬೀಸುತ್ತಾರೆ. ಹಾಳೆ ಒಡೆದು ಬೀಳುತ್ತದೆ. ಇನ್ನೊಂದು ಏಟು, ಇನ್ನೊಂದು ಹಾಳೆ. ಎದೆ ತುಂಬ ಗಾಳಿ ಎಳೆದು, ಉಸಿರು ಬಿಗಿಹಿಡಿದು ಒಳನುಗ್ಗಿ ಚಿಲಕ ತೆಗೆಯುತ್ತಾರೆ. ಕೋಟಿನ ಕಾಲರು ಹಿಡಿದು ಎಳೆದರೆ ಆ ಭಾರೀ ಮೈ ಕುರ್ಚಿ ಸಮೇತ ಉರುಳುತ್ತದೆ. ಮಗುವನ್ನು ಎದುರುಮನೆಯವಳ ಕೈಗಿತ್ತು, ಆಂಬುಲೆನ್ಸ್ ಕರೆಯಲು ಹೇಳಿ ಓಡಿ ಬಂದ ಕೆರಿಸ್ ಕಾಲು ಹಿಡಿಯುತ್ತಾಳೆ. ಇಬ್ಬರೂ ಸೇರಿ ಹಿಮದ ಮೇಲೆ ಎಳೆದು ಹಾಕುತ್ತಾರೆ.

ಆಂಬುಲೆನ್ಸ್ ಬರುವವರೆಗೂ ಮೆನ್ನಾ ಹಳೆಯ ಬಸ್ ಡ್ರೈವರ್ ಗೆರೈಂಟ್ ಕೆನ್ನೆ ತಟ್ಟುತ್ತಲೇ ಇದ್ದಾರೆ. "ಏಳಯ್ಯಾ, ಬಸ್ ಓಡಿಸ್ತಿದ್ದಾಗ ಒಂದು ಸ್ಟಾಪಲ್ಲೂ ನೆಟ್ಟಗೆ ನಿಲ್ಲಿಸ್ತಿರ್ಲಿಲ್ಲ. ಈಗ ಇಲ್ಲಿ ಯಾಕೆ ನಿಂತ್ಬಿಟ್ಟೆ?" ಗೆರೈಂಟ್ ಗಂಟಲಿನಿಂದ ನರಳಿದಂಥ ಸದ್ದೊಂದು ಬರುತ್ತದೆ. ಮೆನ್ನಾ ಅಲ್ಲೇ ಹಿಮದಲ್ಲಿ ಕೂತುಬಿಡುತ್ತಾರೆ.

ಅವರ ಕೆಲಸ ಮುಗಿದಿಲ್ಲ. ಬಾಯ್ಲರ್ ಆರಿಸಿದ್ದರಿಂದ ಕೆರಿಸ್ ಮನೆ ಐಸುಪೆಟ್ಟಿಗೆ. ಎದುರುಮನೆಯ ಗಂಡಸರನ್ನು ಕರೆದು ಉಳಿದ ಚಾವಣಿ ಬಿಚ್ಚಿಸುತ್ತಾರೆ, ಎರಡೂ ಮನೆಗಳ ಕೋಣೆ ಕೋಣೆಯಲ್ಲಿ ಮೀಟರು ಹಿಡಿದು ಸುತ್ತುತ್ತಾರೆ, ಬಾಯ್ಲರಿನ ಒಲೆ ಬಿಚ್ಚಿ ಉಜ್ಜುತ್ತಾರೆ. ಮತ್ತೆ ಉರಿ ಹೊತ್ತಿದಾಗ ಅಂಗೈ ಒತ್ತಿ ಬಹಳ ಹೊತ್ತು ನಿಲ್ಲುತ್ತಾರೆ. ಕೆರಿಸ್ ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಸುಟ್ಟ ಬಿಸ್ಕತ್ತು ತಂದಿಟ್ಟು ಅಳುತ್ತಾಳೆ. "ಈ ಬಾಯ್ಲರ್‌ನ ದಿನಾ ಬೈತಿದ್ದೆ, ಆಂಟೀ. ದರಿದ್ರದ್ದು ಅಂತ ಗುದ್ದಿಯೂ ಇದ್ದೆ."

"ಗುದ್ದಿದ್ಕೆ ಬೇಜಾರು ಮಾಡ್ಕೋಬೇಡ. ಅದು ಕೆಟ್ಟಿರ್ಲಿಲ್ಲ ಕಣೇ. ಉಸಿರು ಕಟ್ಟಿದಾಗ್ಲೆಲ್ಲ ತಾನೇ ಆರ್ಕೋತಿತ್ತು. ಆರದೆ ಹಠ ಹಿಡಿದು ಉರಿದಿದ್ರೆ ಗೆರೈಂಟ್ ಎಂದೋ ಹೋಗ್ತಿದ್ದ."

ಗೆರೈಂಟ್ ವಾರದೊಳಗೆ ಮನೆಗೆ ಬಂದಿದ್ದಾರೆ. ತಿಂಗಳಿಂದ ಕಾಡುತ್ತಿದ್ದ ತಲೆನೋವನ್ನು ಪಬ್ಬಿನ ಬಿಯರಿನ ಮೇಲೆ ಹೊರಿಸಿ, ಬಿಯರನ್ನೇ ಬಿಟ್ಟಿದ್ದರಂತೆ. "ಸುಮ್ನೆ ಬಿಟ್ಟೆನಲ್ಲ, ಅದೇ ಹೊಟ್ಟೆ ಉರಿ," ಅನ್ನುತ್ತಾರೆ. ಮೆನ್ನಾ ಹೆಸರೆತ್ತಿದರೆ ಮಾತ್ರ ಕಣ್ಣು ತೇವ. ಆದರೂ ಬಿಡರು: "ಬಡಿದಿದ್ದೂ ಬಡಿದ್ಳು, ನನ್ನ ಅತಿ ದಪ್ಪನೆ ಲೀಕ್ ಮೇಲೇ ಕಾಲಿಟ್ಳು."

ಇನ್ನೊಂದು ದಿನ, ಇನ್ನೊಂದು ಅಡುಗೆಮನೆಯಲ್ಲಿ ಕೆಲಸ ಮುಗಿಸಿ, ನೆಲ ಒರೆಸಿ, ಸಲಕರಣೆಗಳನ್ನು ಚೀಲಕ್ಕೆ ತುಂಬುತ್ತಿರುವ ಮೆನ್ನಾರನ್ನು ನಿಮಗೇನು ಆಸೆ ಎಂದು ಕೇಳಿದರೆ ಮೊದಲು ನಗುತ್ತಾರೆ. ಆಮೇಲೆ ಚೀಲದ ಜಿಪ್ಪು ಎಳೆಯುತ್ತಾರೆ.

"ಈ ಕಣಿವೇಲಿ ನಾನು ಕಾಲಿಡದ ಅಡುಗೆಮನೆ ಕಡಿಮೆ. ಆದ್ರೆ ಜನ ನನ್ನ ನೆನೆಸೋದು ಮೂಗಿನ ತುದಿ ತಣ್ಣಗಾದಾಗ. ಒಂದ್ಸಲ ಬೇಸಿಗೇಲಿ ಯಾರಾದ್ರೂ ಫೋನ್ ಮಾಡ್ಲಿ. ಏನೂ ಕೆಟ್ಟಿಲ್ಲ ಮೆನ್ನಾ, ಸುಮ್ನೆ ಬಾ, ಹಿತ್ತಲಲ್ಲಿ ಬಿಸಿಲಿದೆ, ಕೂತ್ಕೋ, ಅನ್ಲಿ."