ಚಪ್ಪಲಿ ಅಂಗಡಿಯ ಭಾವ ಬರಿಗಾಲಲ್ಲಿ ಓಡಿದ್ದು

ನನ್ನ ಭಾವ ಇಪ್ಪತ್ತೆರಡು ವರ್ಷದಿಂದ ಚಪ್ಪಲಿ, ಶೂ ಮಾರುವ ಅಂಗಡಿಯಲ್ಲಿದ್ದಾರೆ. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ "ಎಡಗಾಲು ಏಳು, ಬಲಗಾಲು ಒಂಚೂರು ಜಾಸ್ತಿ" ಎನ್ನುವಷ್ಟು ಪಳಗಿದವರು. ಜೊತೆಯವರು ತಮಾಷೆಗೆ 'ಪಾದಪಂಡಿತ' ಎಂದು ಹೆಸರಿಟ್ಟರು. ಭಾವ ಅದನ್ನು ಬಿರುದೆಂದೇ ಸ್ವೀಕರಿಸಿದರು.

ಇಂಥವರಿಗೇ ಕಾಲುನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಉರಿಯುತ್ತಿತ್ತು, ಉಗುರು ಕಪ್ಪಾಗಿತ್ತು. ದಿನವಿಡೀ ನಿಂತು ಮಾಡುವ ಕೆಲಸ. ಡಾಕ್ಟರ ಹತ್ತಿರ ಹೋದರೆ ಬೆರಳು ಕತ್ತರಿಸುತ್ತಾರೇನೋ ಎಂಬ ಭಯ. ಅಷ್ಟರಲ್ಲಿ, ಬರಿಗಾಲಲ್ಲಿ ಓಡಿದರೆ ಪಾದ ಗಟ್ಟಿಯಾಗುತ್ತದೆಂದು ಎಲ್ಲೋ ಓದಿದರು.

ಮಾಲೀಕರ ಕಣ್ಣಿಗೆ ಬೀಳಬಾರದೆಂದು ಊರಾಚೆಯ ಮೈದಾನಕ್ಕೆ ಹೋದರು. ಮೊದಲ ದಿನ ಐದೇ ನಿಮಿಷ. ಒಂದೊಂದು ಹರಳಿಗೂ ಒಂದೊಂದು ದೇವರನ್ನು ಕರೆದರಂತೆ. ಮೂರನೇ ವಾರಕ್ಕೆ ಹುಲ್ಲಿನ ಮೇಲೆ ಅರ್ಧ ಗಂಟೆ ಸಲೀಸಾಗಿ ಓಡುತ್ತಿದ್ದರು. ಓಡುವಾಗ ನೋವಿನ ಸುಳಿವೇ ಇಲ್ಲ. ಅಂಗಡಿಗೆ ಹೋದರೆ ಮತ್ತೆ ಅದೇ ಉರಿ.

ಒಂದು ಭಾನುವಾರ ನನ್ನನ್ನು ಮನೆಗೆ ಕರೆಸಿಕೊಂಡರು. "ಮನುಷ್ಯನ ವೈರಿ ಯಾರು ಗೊತ್ತೇನಯ್ಯ? ಶೂ! ಇಪ್ಪತ್ತೆರಡು ವರ್ಷ ಪಾಪ ಮಾರಿದೆ. ಕೆಲಸ ಬಿಡ್ತೀನಿ. ನೀನು ಬರೆಯೋನಲ್ವಾ, ರಾಜೀನಾಮೆ ಬರಿ. ಸ್ವಲ್ಪ ಘನವಾಗಿರಲಿ."

ಘನವಾಗಿ ಬರೆ ಎಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ. ಅವರ ಮಗಳ ಕಾಲೇಜು ಇನ್ನೂ ಮುಗಿದಿಲ್ಲ ಎಂಬುದನ್ನೂ ಮರೆತು "ಮನುಕುಲದ ಪಾದಗಳ ಪರವಾಗಿ" ಎಂಬಲ್ಲಿಗೆ ಬಂದಿದ್ದೆ. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅಕ್ಕ ಒಳಗೆ ಬಂದಳು.

"ರೀ, ನಿಮ್ಮ ಶೂ ನಂಬರ್ ಎಷ್ಟು?"

"ಎಂಟು."

"ಅಳೆದೋರು ಯಾರು?"

"ನನ್ನ ಕಾಲು ಅಳೆಯೋಕೆ ಇನ್ನೊಬ್ರು ಬೇಕೇನೇ?"

"ಹಾಗಾದ್ರೆ ನೀವೇ ಅಳೀರಿ, ನೋಡೋಣ," ಎಂದು ಒಂದು ಹಾಳೆಯನ್ನು ನೆಲಕ್ಕೆ ಹಾಸಿ ಪೆನ್ಸಿಲ್ಲು, ಟೇಪು ಕೊಟ್ಟಳು. ಭಾವ ಗತ್ತಿನಿಂದಲೇ ಕಾಲಿಟ್ಟು ಗೆರೆ ಎಳೆದರು, ಅಳೆದರು. ಮತ್ತೊಮ್ಮೆ ಅಳೆದರು.

"ಒಂಬತ್ತು," ಎಂದರು ಸಣ್ಣ ದನಿಯಲ್ಲಿ.

ಆಮೇಲೆ ವಿಷಯ ಹೊರಬಿತ್ತು. ಅಂಗಡಿಯ ಗಾಜಿನ ಕಪಾಟಿನಲ್ಲಿ ಇಡುವ ಜೋಡಿ ಯಾವಾಗಲೂ ಎಂಟನೇ ನಂಬರಿನದು. ಬಿಸಿಲಿಗೆ ಬಣ್ಣ ಮಾಸಿದರೆ ಕೆಲಸದವರಿಗೆ ಪುಕ್ಕಟೆ. ಸೇರಿದಾಗಿನಿಂದ ಭಾವ ಹಾಕಿದ್ದೆಲ್ಲ ಅದೇ.

"ವಯಸ್ಸಾದ್ಮೇಲೆ ಕಾಲು ಹರಡ್ಕೊಳ್ಳುತ್ತೆ, ಅಳತೆ ನೋಡಿಸ್ಕೊಳ್ಳಿ ಅಂತ ಗಿರಾಕಿಗಳಿಗೆ ದಿನಾ ಹೇಳ್ತೀನಿ ಕಣೋ!" ಎಂದು ಹಣೆ ಚಚ್ಚಿಕೊಂಡವರು ಹಾಗೇ ನಗತೊಡಗಿದರು. "ಅಂದ್ರೆ ಮೂಳೆಗೇನೂ ಆಗಿಲ್ಲ. ಬೆರಳೂ ಇರುತ್ತೆ, ಕೆಲಸಾನೂ ಇರುತ್ತೆ!"

ಸೋಮವಾರ ತಮ್ಮದೇ ಅಂಗಡಿಯಲ್ಲಿ ಒಂಬತ್ತನೇ ನಂಬರಿನ ಜೋಡಿ ಕೊಂಡರು. ಸಂಜೆ ಅಕ್ಕ ಕುರ್ಚಿ ಎಳೆದು ಟೀ ಕೊಟ್ಟಳು.

"ಕೂತ್ಕೊಳ್ರೀ, ಬೆಳಗಿಂದ ನಿಂತಿದೀರ."

"ಯಾಕೆ ಕೂರಲಿ? ಕಾಲು ನೋಯ್ತಾನೇ ಇಲ್ವಲ್ಲೇ," ಎಂದು ಭಾವ ನಿಂತೇ ಟೀ ಕುಡಿದರು.