ಬೆಂಡಿನ ಅಳತೆ

ಮೂವತ್ತರ ಹತ್ತಿರ ಬಂದ ಗಂಡಸು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗಿಳಿದರೆ ನೋಡಲು ಚೆನ್ನಾಗಿರುವುದಿಲ್ಲ. ಇಳಿದವನು ನಾನೇ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಕತ್ತಾಳೆಯ ನಡುವಿನಿಂದ ಎತ್ತರಕ್ಕೆ ಏಳುವ ದಿಂಡನ್ನು ಒಣಗಿಸಿದರೆ ಬೆಂಡು. ಈಜು ಕಲಿಯುವವರನ್ನು ತೇಲಿಸುವುದು ಅದೇ. ಆದರೂ ಕನ್ನಡದಲ್ಲಿ ಆ ಪದಕ್ಕೆ ಮರ್ಯಾದೆ ಕಡಿಮೆ. ದುಡಿದು ಸುಸ್ತಾದವನು ಬೆಂಡಾದ ಎನ್ನುತ್ತೇವೆ, ಒದೆ ತಿಂದವನನ್ನು ಬೆಂಡೆತ್ತಿದರು ಎನ್ನುತ್ತೇವೆ. ಮುಳುಗುವವನ ಜೀವ ಹಿಡಿದ ವಸ್ತುವಿಗೆ ಇದು ಅನ್ಯಾಯವೇ ಸರಿ.

ಇದು ಎಪ್ಪತ್ತರ ದಶಕದ ಮಾತು. ನನ್ನೂರು ಇಂಡಿ, ಮಾಸ್ತರಿಕೆ ಸಿಂದಗಿಯಲ್ಲಿ, ಹೆಂಡತಿ ನೀಲಾ ಮಸೂತಿ ಎಂಬ ಹಳ್ಳಿಯವಳು. ನಮ್ಮ ಮನೆಯ ಬಾವಿಗೆ ಇಳಿಯುತ್ತಿದ್ದದ್ದು ಕೊಡ ಮಾತ್ರ. ಆಕೆಯ ತವರಿನ ಹೊಲದ ಬಾವಿಗೆ ಮನೆಮಂದಿಯೆಲ್ಲ ಇಳಿಯುತ್ತಿದ್ದರು. ಮದುವೆಯಾದ ಮೊದಲ ಬೇಸಿಗೆ ರಜೆಗೆ ಅಲ್ಲಿಗೆ ಹೋದೆ. ಮನೆ ತುಂಬ ಜನ. ಅಳಿಯನೆಂದು ತಾಟಿಗೆ ಹೋಳಿಗೆಯ ಮೇಲೆ ಹೋಳಿಗೆ ಬೀಳುತ್ತಿತ್ತು, ಹೆಂಡತಿಯ ಜೊತೆ ನಾಲ್ಕು ಮಾತಾಡಲು ಮಾತ್ರ ಒಂದು ಮೂಲೆ ಸಿಗುತ್ತಿರಲಿಲ್ಲ. ಹಿರಿಯರೆದುರು ಗಂಡಹೆಂಡತಿ ಮಾತಾಡುವುದು ಆಗ ಬೆಲ್‌ಬಾಟಮ್ ಹಾಕಿದವರಿಗೂ ಸಲ್ಲದ ಕೆಲಸ. ನಾನು ಹಾಕಿದ್ದೆ.

ಇದ್ದದ್ದು ಒಂದೇ ಜಾಗ. ನೀಲಾ ಸೀರೆ ಕಚ್ಚೆ ಹಾಕಿ ಬಾವಿಯ ಮೆಟ್ಟಿಲಿನಿಂದ ನೀರಿಗೆ ಜಿಗಿದು, ಎದುರುಗೋಡೆಯಿಂದ ಚಾಚಿಕೊಂಡ ಕಲ್ಲಿನ ಮೇಲೆ ಹೋಗಿ ಕೂಡುತ್ತಿದ್ದಳು. ಅಲ್ಲಿಗೆ ನೀರೊಂದೇ ದಾರಿ. ಮೆಲ್ಲಗೆ ಆಡಿದ ಮಾತು ಈಚೆ ದಡಕ್ಕೆ ಕೇಳದು. ಆಕೆಯ ಪಕ್ಕದಲ್ಲಿ ಹೋಗಿ ಕೂಡಬೇಕೆಂದು ನನಗೆ ಬಹಳ ಆಸೆಯಾಯಿತು.

ಮಾವನವರು ಮೊದಲು ಕಟ್ಟಿದ ಬೆಂಡು ನನ್ನ ತೋಳಿನಷ್ಟು ಉದ್ದ. ಅದರಲ್ಲಿ ಮುಳುಗುವ ಭಯವಿಲ್ಲ, ಮುಂದೆ ಹೋಗುವ ಭರವಸೆಯೂ ಇಲ್ಲ. ಎಡಕ್ಕೆ ಹೊರಳಲು ಹೋದರೆ ಇದ್ದಲ್ಲೇ ಗಿರಗಿರ ತಿರುಗಿಸುತ್ತಿತ್ತು. ಸಾಲದ್ದಕ್ಕೆ ಸೊಂಟಕ್ಕೊಂದು ಹಗ್ಗ, ಹಗ್ಗದ ತುದಿ ಮಾವನವರ ಕೈಯಲ್ಲಿ. ಹೆಂಡತಿಯ ಹತ್ತಿರ ಹೊರಟವನ ಪಾಡು ಹೀಗಿರಬಾರದು.

"ಬೆಂಡು ಸಣ್ಣದು ಮಾಡೋಣ್ರಿ. ಅವತ್ತ ಹಗ್ಗಾನೂ ಬಿಚ್ಚತೇನಿ" ಎಂದರು ಅವರು.

ಎಷ್ಟು ಸಣ್ಣದು ಎನ್ನುವುದೇ ತಂಟೆ. ಮೈಯ ಭಾರ ನೋಡಿ ಕಡಿಯಬೇಕೆಂದು ಮಾವನವರ ವಾದ. "ಮೈ ನೋಡಿದ್ರ ಮಾಮಾರಿಗೆ ಇಡೀ ಕತ್ತಾಳಿ ಬೇಲಿನ ಕಟ್ಟಬೇಕಾಕ್ಕೈತಿ. ಕೈಕಾಲು ಹೆಂಗ ಬಡೀತಾರ ನೋಡಿ ಕಡೀರಿ" ಎಂದ ನನ್ನನ್ನು ತೋರಿಸಿ ನೀಲಾಳ ತಮ್ಮ ಗುರಪ್ಪ. ಇಬ್ಬರ ಮಾತೂ ನಿಜವೇ. ಭಾರದವನಿಗೆ ದೊಡ್ಡದು ಬೇಕು, ಕಲಿತವನಿಗೆ ಸಣ್ಣದು ಸಾಕು. ನಾನು ಭಾರದವನೂ ಹೌದು, ಅರ್ಧ ಕಲಿತವನೂ ಹೌದು. ಕಡಿದ ಬೆಂಡು ಮತ್ತೆ ಕೂಡುವುದಿಲ್ಲವೆಂದು ಅಲ್ಲಿಯ ಜನ ದಿನಕ್ಕೆ ಎರಡು ಬೆರಳಿನಷ್ಟೇ ತೆಗೆಯುತ್ತಾರೆ. ನನ್ನ ರಜೆ ಮುಗಿಯುತ್ತ ಬಂದಿತ್ತು. ಕುಡಗೋಲು ತೆಗೆದುಕೊಂಡು ಅರ್ಧಕ್ಕೇ ಕಡಿದುಬಿಟ್ಟೆ.

ಮಾವನವರು ನೋಡಿ, "ಜರಾ ಸಣ್ಣದಾತು" ಎಂದರು. ಆದರೂ ಮಾತು ಕೊಟ್ಟಿದ್ದರಲ್ಲ, ಹಗ್ಗ ಬಿಚ್ಚಿದರು.

ಸಣ್ಣ ಬೆಂಡು ಹೇಳಿದ ಕಡೆ ಹೊರಳುತ್ತದೆ, ಆದರೆ ಪುಕ್ಕಟೆ ತೇಲಿಸುವುದಿಲ್ಲ. ಕೈ ನಿಲ್ಲಿಸಿದರೆ ನೀರು ಮೂಗಿಗೆ ಬರುತ್ತಿತ್ತು. ಜೀವ ಕೈಯಲ್ಲಿ ಹಿಡಿದುಕೊಂಡು, ಬಾವಿಯ ನೀರನ್ನು ಸಾಕಷ್ಟು ಕುಡಿದು, ಅಂತೂ ಕಲ್ಲು ಮುಟ್ಟಿದೆ. ನೀಲಾ ರಟ್ಟೆ ಹಿಡಿದು ಮೇಲೆಳೆದುಕೊಂಡಳು.

"ಬರೂ ಅಳತಿ ಬರೋಬ್ಬರಿ ಹಿಡಿದೀರಿ. ತಿರುಗಿ ಹೋಗೂ ಅಳತಿ?"

ಅದನ್ನು ನಾನು ಹಿಡಿದಿರಲಿಲ್ಲ. ತೋಳುಗಳಲ್ಲಿ ಕಸುವೇ ಉಳಿದಿರಲಿಲ್ಲ. ಹಾಗಾಗಿ ಕೂತೆವು. ರಜೆ ಮುಗಿದ ಮೇಲೆ ನಾವು ಸಂಸಾರ ಹೂಡಲಿದ್ದ ಸಿಂದಗಿಯ ಬಾಡಿಗೆ ಮನೆಯಲ್ಲಿ ಬಾವಿ ಇದೆಯೇ ಎಂದು ಕೇಳಿದಳು. ನಳ ಇದೆ ಎಂದೆ. ಆಕೆಯ ಮುಖ ಸಣ್ಣದಾಯಿತು. ಪ್ರತಿ ಬೇಸಿಗೆ ಇಲ್ಲಿಗೇ ಬರೋಣ ಎಂದೆ. ಆಮೇಲೆ ಏನೇನೋ ಮಾತಾಡಿದೆವು. ಮದುವೆಯಾಗಿ ಅಷ್ಟು ದಿನಕ್ಕೆ ಅವತ್ತೇ ನಾನು ಆಕೆಯನ್ನು ಹೆಸರು ಹಿಡಿದು ಕರೆದದ್ದು. ಅಷ್ಟು ಸಂತೋಷ ನನಗೆ ಹೋಳಿಗೆಯಲ್ಲಿ ಸಿಕ್ಕಿರಲಿಲ್ಲ.

ಆಚೆ ದಡದಿಂದ ಮಾವನವರು ಕೂಗಿದರು: "ಅಳಿಯಂದ್ರ, ಬಂದು ಕರಕೊಂಡು ಹೋಗ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ನೀಲಾ ಉತ್ತರಿಸಿದಳು: "ಬ್ಯಾಡಪಾ, ಅವ್ರು ಇನ್ನೂ ದಣಿವು ಆರಿಸ್ಕೊಳ್ಳಾಕತ್ತಾರ."

ದಣಿವು ಆರಿ ಆಗಲೇ ಬಹಳ ಹೊತ್ತಾಗಿತ್ತು. ನಾನು ಮಾವನವರಿಗೆ ಕೇಳುವಂತೆ ಜೋರಾಗಿ ಏದುಸಿರು ಬಿಟ್ಟೆ.