ದೇವರ ಮನೆಯಲ್ಲಿ ಸೊಸೆಯ ಡ್ಯೂಟಿ

ಮೊನ್ನೆ ದೇವರ ಮನೆಯ ಗೂಡು ಒರೆಸುತ್ತಿದ್ದಾಗ ವಿಭೂತಿ ಡಬ್ಬಿಯ ಹಿಂದೆ ಒಂದು ಪುಟ್ಟ ಬಾಟಲಿ ಕೈಗೆ ಸಿಕ್ಕಿತು. ದೀಪದ ಎಣ್ಣೆ ಇರಬೇಕೆಂದು ಮುಚ್ಚಳ ತಿರುಗಿಸಿ ಮೂಸಿದರೆ ಸ್ಯಾನಿಟೈಸರ್! ತಳದಲ್ಲಿ ಒಂದು ಚಮಚೆಯಷ್ಟು ಉಳಿದಿತ್ತು. ಆ ಖಾರದ ವಾಸನೆ ಧೂಪದ ವಾಸನೆಯ ಜೊತೆ ಸೇರಿ ಮೂಗಿಗೆ ಏರಿದ್ದೇ ತಡ, ಒರೆಸುವ ಬಟ್ಟೆ ಕೈಯಲ್ಲಿ ಹಿಡಿದವಳು ಹಾಗೆಯೇ ಲಾಕ್‌ಡೌನಿನ ಮೊದಲ ಬೇಸಿಗೆಗೆ ಹೋಗಿಬಿಟ್ಟೆ. ನಿಮಗೂ ಹೀಗಾಗುತ್ತದೆಯೋ ಏನೋ. ನನಗಂತೂ ನೆನಪುಗಳೆಲ್ಲ ಮೂಗಿನಲ್ಲೇ ವಾಸ.

ನಮ್ಮದು ಸವಳಂಗ ರಸ್ತೆಯಿಂದ ಒಳಗೆ ಎರಡನೇ ತಿರುವಿನಲ್ಲಿರುವ ಚಿಕ್ಕ ಮನೆ. ನಮ್ಮ ಮನೆಯವರದು ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಜ್ವರ ಬಂದಾಗಲೂ ಬಾಗಿಲು ತೆಗೆಯದೆ ಇರುತ್ತಿದ್ದವರಲ್ಲ. ಅಂಥವರು ಅಂಗಡಿಗೆ ಬೀಗ ಹಾಕಿ ಲುಂಗಿ ಉಟ್ಟು ಹಾಲಿನಲ್ಲಿ ಟಿವಿ ಮುಂದೆ ಕೂತರು. ಮಗ ಬ್ಯಾಂಕಿನವನಾದ್ದರಿಂದ ಅವನಿಗೆ ರಜೆ ಇಲ್ಲ, ಮೂಗು ಬಾಯಿ ಕಟ್ಟಿಕೊಂಡು ದಿನಾ ಹೋಗಿ ಬರುತ್ತಿದ್ದ. ಇನ್ನು ಉಳಿದವಳು ಸೊಸೆ ಶ್ವೇತಾ. ಮದುವೆಯಾಗಿ ಬಂದು ಆಗಿನ್ನೂ ಮೂರು ತಿಂಗಳು. ಅವಳು ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿ ಮಾಡುತ್ತಾಳೆ ಎಂದು ಹೆಣ್ಣು ನೋಡುವಾಗಲೇ ಹೇಳಿದ್ದರು. ಮಕ್ಕಳಿಗೆ ಮಾತು ಕಲಿಸುವ ಟೀಚರ್ ಕೆಲಸ ಇರಬೇಕು ಎಂದುಕೊಂಡು ನಾನು ತಲೆಯಾಡಿಸಿದ್ದೆ. ಗೊತ್ತಿಲ್ಲದ್ದಕ್ಕೆಲ್ಲ ತಲೆಯಾಡಿಸುವುದು ನನ್ನ ಹಳೆಯ ಅಭ್ಯಾಸ.

ಆಸ್ಪತ್ರೆಯವರು ಅವಳ ವಿಭಾಗ ಮುಚ್ಚಿ, ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ರೋಗಿಗಳನ್ನು ನೋಡಿ ಎಂದರು. ಶ್ವೇತಾ ಮೊಬೈಲನ್ನು ಆರತಿ ತಟ್ಟೆಯಂತೆ ಹಿಡಿದುಕೊಂಡು ಮನೆಯೆಲ್ಲ ತಿರುಗಿದಳು. ಅವರ ಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ. ಹಾಲಿನಲ್ಲಿ ಇದೆ, ಆದರೆ ಮಾವನವರ ಟಿವಿಯೂ ಇದೆ. ಕೊನೆಗೆ ಸಿಗ್ನಲ್ಲಿನ ಕಡ್ಡಿಗಳು ತುಂಬಿ ನಿಂತದ್ದು ಎಲ್ಲಿ ಅಂತೀರಿ? ನನ್ನ ದೇವರ ಮನೆಯ ಕಿಟಕಿಯ ಹತ್ತಿರ.

“ಅತ್ತೆ, ತಪ್ಪು ತಿಳ್ಕೋಬೇಡಿ. ಹತ್ತರಿಂದ ಹನ್ನೆರಡರ ತನಕ ದೇವರ ಮನೆ ನಂಗೆ ಕೊಡ್ತೀರಾ?”

“ದೇವ್ರಿಗೆ ಎಲ್ಲಿಗೆ ಹೋಗು ಅನ್ಲಿ?”

“ಅಲ್ಲೇ ಇರ್ಲಿ ಅತ್ತೆ. ಅವ್ನೇನು ಸದ್ದು ಮಾಡಲ್ವಲ್ಲ.”

ಹಾಲಿನಿಂದ ನಮ್ಮ ಮನೆಯವರು ನಕ್ಕರು. ಸದ್ದು ಮಾಡುವವಳು ನಾನು ಎನ್ನುವುದು ಆ ನಗುವಿನ ಅರ್ಥ. ನನ್ನ ಪೂಜೆ ಬಾಯಿ ಬಿಟ್ಟು ಮಾಡುವ ಪೂಜೆ. ನಮ್ಮವ್ವ ಒಂದು ಧಾಟಿ ಕಲಿಸಿದ್ದಳು, ‘ಓಂ ನಮಃ ಶಿವಾಯ’ವನ್ನು ಮೆಲ್ಲಗೆ ಶುರು ಮಾಡಿ, ‘ಶಿವಾಯ’ದ ಹತ್ತಿರ ಮೇಲಕ್ಕೇರಿಸಿ ಬಿಡುವುದು. ಹೂ ಕೊಯ್ಯುವಾಗ, ಪಾತ್ರೆ ತಿಕ್ಕುವಾಗ, ಎಲ್ಲದಕ್ಕೂ ನನಗೆ ಅದೊಂದೇ ಧಾಟಿ. ಸೊಸೆಗೋಸ್ಕರ ಪೂಜೆಯನ್ನು ಒಂಬತ್ತೂವರೆಗೇ ಮುಗಿಸಿದೆ. ಹತ್ತರಿಂದ ಹನ್ನೆರಡರವರೆಗೆ ಬಾಯಿಗೂ ಬೀಗ.

ಅವಳ ಕೆಲಸ ಏನೆಂದು ಕದ್ದು ನೋಡದೆ ಇರಲಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ. ಬಾಗಿಲ ಸಂದಿಯಲ್ಲಿ ಇಣುಕಿದೆ. ಮೊಬೈಲನ್ನು ಪೂಜೆಯ ಗಂಟೆಗೆ ಒರಗಿಸಿಟ್ಟು, ಕೈಯಲ್ಲಿ ಕನ್ನಡಿ ಹಿಡಿದು, ನನ್ನ ಸೊಸೆ ದೇವರ ಮುಂದೆ ನಾಲಿಗೆ ಚಾಚುತ್ತಿದ್ದಾಳೆ! ಕೆನ್ನೆ ಉಬ್ಬಿಸುತ್ತಾಳೆ, ತುಟಿ ಸೊಟ್ಟ ಮಾಡುತ್ತಾಳೆ, ಪ ಪ ಪ, ಮ ಮ ಮ ಎನ್ನುತ್ತಾಳೆ. ಪಕ್ಕದ ಮನೆ ಗಿರಿಜಕ್ಕ ಕಾಂಪೌಂಡಿನ ಆಚೆಯಿಂದ ಮಾಸ್ಕ್ ಇಳಿಸಿ ಕೇಳಿಯೇಬಿಟ್ಟರು: “ನಿಮ್ ಸೊಸೆಗೆ ಏನಾಗಿದೆ ಮಾರಾಯ್ತಿ? ದಿನಾ ಪ ಪ ಪ ಅಂತಾಳೆ. ಜ್ವರಗಿರ ಇಲ್ಲ ತಾನೆ?”

“ಡ್ಯೂಟಿ ಕಣ್ರೀ ಅದು,” ಎಂದೆ, ಎಲ್ಲ ಗೊತ್ತಿರುವವಳಂತೆ.

ಅವಳ ರೋಗಿಗಳಲ್ಲಿ ಒಬ್ಬರು ಭದ್ರಾವತಿ ನ್ಯೂ ಟೌನಿನ ಆರ್ಮುಗಂ. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಲಾಕ್‌ಡೌನಿಗೆ ಸ್ವಲ್ಪ ಮೊದಲು ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದು, ಮಾತು ಪೂರ್ತಿ ಹೋಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದರೆ ‘ತತ್ತ ತತ್ತ’ ಮಾತ್ರ. ನೀರು ಬೇಕೆಂದರೂ ತತ್ತ, ಬೆನ್ನು ತುರಿಸುತ್ತದೆಂದರೂ ತತ್ತ. ಹೆಂಡತಿ ಕಮಲಮ್ಮ ಒಂದೊಂದೇ ವಸ್ತು ತಂದು ತೋರಿಸಿ, ಇದಾ, ಇದಾ ಎಂದು ಕೇಳಬೇಕು. ತಪ್ಪಿದರೆ ಅವರು ಸಿಟ್ಟಿಗೆ ತಟ್ಟೆ ಎಸೆಯುತ್ತಿದ್ದರಂತೆ.

“ಮೊದಲಿನ ಕೆಲವು ತಿಂಗಳೇ ಮುಖ್ಯ ಅತ್ತೆ,” ಎಂದಿದ್ದಳು ಶ್ವೇತಾ, ಒಂದು ದಿನ ಊಟಕ್ಕೆ ಕೂತವಳು ತುತ್ತು ಎತ್ತದೆ. “ಈಗ ಬಿಟ್ರೆ ಆಮೇಲೆ ಮಾತು ಬರೋದು ಕಷ್ಟ. ಎದುರಿಗಿದ್ರೆ ಕೈ ಹಿಡ್ದು ಮಾಡಿಸ್ತಿದ್ದೆ. ಫೋನಲ್ಲಿ ಆಗ್ತಿಲ್ಲ. ನನ್ನ ಮುಖ ಕಂಡ್ರೆ ಕಣ್ಣು ಮುಚ್ಕೊಂಡು ಗೋಡೆ ಕಡೆ ತಿರುಗ್ತಾರೆ. ಇನ್ನೊಂದಿನ ನೋಡಿ ನಿಲ್ಲಿಸ್ಬಿಡಣ ಅಂತಿದಾರೆ ಕಮಲಮ್ಮ.”

ಹುಡುಗಿಯ ಕಣ್ಣಲ್ಲಿ ನೀರಿತ್ತು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ವಾರದ ಲೆಕ್ಕವೇ ತಪ್ಪಿಹೋಗಿತ್ತು, ನಿಮ್ಮಲ್ಲೂ ಹಾಗೇ ಇದ್ದಿರಬಹುದು. ಅಂಗಡಿ ಇಲ್ಲ, ಸಂತೆ ಇಲ್ಲ, ಲುಂಗಿ ಉಟ್ಟ ಗಂಡ ದಿನವೂ ಕಣ್ಣೆದುರು. ಮರುದಿನ ಎದ್ದವಳು ಅದನ್ನು ಭಾನುವಾರ ಎಂದೇ ತಿಳಿದೆ. ಭಾನುವಾರ ಸೊಸೆಗೆ ಡ್ಯೂಟಿ ಇಲ್ಲ, ಬಾಯಿಗೆ ಬೀಗವೂ ಇಲ್ಲ. ಆರಾಮಾಗಿ ಸ್ನಾನ ಮಾಡಿ, ಹೂವಿನ ಬುಟ್ಟಿ ಹಿಡಿದು ಹಿತ್ತಲಿಗೆ ಹೋದೆ. ದಾಸವಾಳದ ಗಿಡ ಇರುವುದು ದೇವರ ಮನೆಯ ಕಿಟಕಿಗೆ ತಾಗಿ. ಇಷ್ಟು ದಿನ ಅದುಮಿಟ್ಟ ಗಂಟಲನ್ನು ಬಿಟ್ಟು ಹಾಡಿದೆ: ಓಂ ನಮಃ ಶಿವಾಯ, ಓಂ ನಮಃ ಶಿವಾಯ. ಎತ್ತರದ ಕೊಂಬೆಯೊಂದಕ್ಕೆ ಕೈ ಚಾಚುವಾಗ ಉಸಿರು ಸಾಲದೆ ‘ಓಂ ನಮಃ’ ಎಂದವಳು ಅಲ್ಲಿಗೇ ನಿಲ್ಲಿಸಿದೆ.

“ಶಿವಾಯ.”

ದೇವರ ಮನೆಯೊಳಗಿಂದ. ಗಂಡು ದನಿ. ದಪ್ಪನೆಯ, ತುಕ್ಕು ಹಿಡಿದ ಗೇಟು ತೆಗೆದಂಥ ದನಿ.

ಬುಟ್ಟಿ ಕೈಜಾರಿ ಹೂವೆಲ್ಲ ಕಾಲ ಮೇಲೆ ಬಿತ್ತು. ಇಷ್ಟು ವರ್ಷ ಕರೆದಿದ್ದೇನೆ, ಯಾವತ್ತೂ ಉತ್ತರ ಬಂದಿರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಭಕ್ತಿ ಬರಲಿಲ್ಲ, ಹೆದರಿಕೆ ಬಂತು.

ಕಿಟಕಿಯ ಸರಳಿನ ನಡುವೆ ಶ್ವೇತಾಳ ಕೈ ಬಂತು, ಆಮೇಲೆ ಅವಳ ಮುಖ. “ಅತ್ತೆ, ನಿಲ್ಲಿಸ್ಬೇಡಿ! ಹಾಡಿ, ಹಾಡಿ!”

“ಇವತ್ತು ಭಾನುವಾರ ಅಲ್ವೇನೇ?”

“ಸೋಮವಾರ ಅತ್ತೆ! ಹಾಡಿ, ನಿಮ್ಮ ಕಾಲಿಗೆ ಬೀಳ್ತೀನಿ!”

ಹಾಡಿದೆ. ಧಾಟಿ ಎಲ್ಲೆಲ್ಲೋ ಹೋಗುತ್ತಿತ್ತು. ಆದರೂ ನಾನು ಓಂ ನಮಃ ಎಂದಾಗಲೆಲ್ಲ ಮೊಬೈಲಿನಿಂದ ‘ಶಿವಾಯ’ ಬಂತು. ನಾಲ್ಕನೇ ಸಲಕ್ಕೆ ಪೂರ್ತಿ ಮಂತ್ರವೇ ಬಂತು. ಅದರ ಹಿಂದೆ ಹೆಂಗಸೊಬ್ಬರು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು: “ಮಾತು ಬಂತು, ಅಯ್ಯೋ ಮುರುಗಾ, ಇವ್ರಿಗೆ ಮಾತು ಬಂತು!”

ನಾನು ಅಂದು ಉಪವಾಸ ಮಾಡಿದೆ. ಪವಾಡ ನಡೆದ ಮನೆಯಲ್ಲಿ ಉಪ್ಪಿಟ್ಟು ತಿನ್ನಲು ಮನಸ್ಸಾಗಲಿಲ್ಲ. ಆದರೆ ಶ್ವೇತಾ ನನ್ನ ಕೈ ಹಿಡಿದು ಕೂರಿಸಿ, ಬಿಡಿಸಿ ಹೇಳಿದಳು. ಮೆದುಳಿನಲ್ಲಿ ಮಾತಿನ ಜಾಗ ಕೆಟ್ಟರೂ ಹಾಡು, ಮಂತ್ರ, ಬಾಯಿಪಾಠ ಬೇರೆ ಕಡೆ ಉಳಿದಿರುತ್ತವಂತೆ. ಆರ್ಮುಗಂ ದೇವಸ್ಥಾನದ ಭಜನೆಯಲ್ಲಿ ಹಾಡುತ್ತಿದ್ದವರಂತೆ. “ಇದು ಇನ್ನೂ ಮಾತಲ್ಲ ಅತ್ತೆ, ಬಾಗಿಲು ಅಷ್ಟೆ. ಈ ಧಾಟಿ ಹಿಡ್ಕೊಂಡೇ ಮಾತಿಗೆ ಹೋಗ್ಬೇಕು. ನೀವು ದಿನಾ ಬಂದು ಕೂರ್ಬೇಕು.”

ಹೀಗೆ ಐವತ್ತಾರನೇ ವಯಸ್ಸಿನಲ್ಲಿ, ಒಂದು ಅರ್ಜಿಯನ್ನೂ ಹಾಕದೆ, ನನಗೂ ವರ್ಕ್ ಫ್ರಮ್ ಹೋಮ್ ಸಿಕ್ಕಿತು. ಹತ್ತು ಗಂಟೆಗೆ ಇಸ್ತ್ರಿ ಸೀರೆ ಉಟ್ಟು ಮೊಬೈಲಿನ ಮುಂದೆ ಕೂರುತ್ತಿದ್ದೆ. “ಆಫೀಸಿಗೆ ಹೊರಟ್ರಾ ಮೇಡಂ?” ಎಂದು ನಮ್ಮ ಮನೆಯವರು ಹಂಗಿಸುತ್ತಿದ್ದರು.

ಆದರೆ ಎರಡೇ ದಿನಕ್ಕೆ ನನಗೂ ಸೊಸೆಗೂ ಜಟಾಪಟಿ. ಹಾಡುವಾಗ ಒಂದೊಂದು ಅಕ್ಷರಕ್ಕೂ ಆರ್ಮುಗಂ ಎಡಗೈಯಿಂದ ತೊಡೆ ತಟ್ಟಬೇಕು ಎಂದಳು. ಶಿವನ ಹೆಸರಿಗೆ ಎಡಗೈಯಾ? ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಧಾಟಿಗೆ ಮಂತ್ರದ ಬದಲು ಮನೆಮಾತು ಕೂರಿಸಿ ಚೀಟಿ ಬರೆದು ತಂದಳು. ನೀರು ಕೊಡು ಬಾ. ಕಾಫಿ ಕೊಡು ಬಾ. ಮೂರನೆಯದು ಓದಿ ನನ್ನ ಕಿವಿ ಬಿಸಿಯಾಯಿತು: ಒಂದಕ್ಕೆ ಬಂತು.

“ನಮ್ಮವ್ವ ಕಲಿಸಿದ ಶಿವನ ಧಾಟೀಲಿ, ದೇವರ ಮನೇಲಿ ಕೂತ್ಕೊಂಡು, ಒಂದಕ್ಕೆ ಬಂತು ಅಂತ ಹಾಡ್ಲಾ? ನನ್ ಕೈಲಾಗಲ್ಲ ತಾಯಿ.”

“ಅವ್ರು ದಿನಾ ಹಾಸಿಗೆ ಒದ್ದೆ ಮಾಡ್ಕೊಂಡು ಅಳ್ತಾರೆ ಅತ್ತೆ. ಹೇಳಕ್ಕಾಗ್ದೆ.”

ಶ್ವೇತಾ ದನಿ ಏರಿಸಲಿಲ್ಲ. ಚೀಟಿಯನ್ನು ಗಂಟೆಯ ಪಕ್ಕ ಇಟ್ಟು ಎದ್ದು ಹೋದಳು. ಏರಿಸಿದ್ದರೆ ನನಗೂ ಏರಿಸಲು ಅನುಕೂಲವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಪೂಜೆಗೆ ಕೂತೆ. ವಿಭೂತಿ ಧರಿಸಿ, ಕರಡಿಗೆ ಬಿಚ್ಚಿ ಲಿಂಗ ತೆಗೆದು, ಅಂಗೈ ಮೇಲೆ ಇಟ್ಟುಕೊಂಡು ನೀರು ಬಿಟ್ಟೆ, ಅಷ್ಟರಲ್ಲಿ ಕೈ ಅಲ್ಲೇ ನಿಂತಿತು. ನಮ್ಮಲ್ಲಿ ಲಿಂಗಪೂಜೆ ಮಾಡುವವರಿಗೆ ಗೊತ್ತು, ನೀವು ಬೇರೆಯವರಾದರೆ ಹೇಳುತ್ತೇನೆ: ಪತ್ರೆ ಏರಿಸುವುದು ಬಲಗೈ, ಶಿವ ಕೂರುವುದು ಎಡಗೈ. ದೀಕ್ಷೆಯಾದ ದಿನದಿಂದ ಒಂದು ದಿನವೂ ತಪ್ಪದೆ ಅವನನ್ನು ಎಡಗೈಯಲ್ಲೇ ಕೂರಿಸಿದ್ದೇನೆ. ನಿನ್ನೆ ಅದೇ ಎಡಗೈಯನ್ನು ಮೈಲಿಗೆ ಎಂದಿದ್ದೆ. ಈ ಪುಟ್ಟ ಅಂಗೈ ಮೇಲೆ, ಮೆಣಸಿನಕಾಯಿ ಹೆಚ್ಚಿ, ಕೂಸಿನ ಕುಂಡೆ ತೊಳೆದು ಸವೆದ ಈ ಅಂಗೈ ಮೇಲೆ ಅವನು ಬೇಜಾರಿಲ್ಲದೆ ಕೂತಿದ್ದಾನೆ. ಎಷ್ಟು ಹೊತ್ತು ಹಾಗೇ ನೋಡುತ್ತಿದ್ದೆನೋ, ನೀರೆಲ್ಲ ಬೆರಳ ಸಂದಿಯಿಂದ ಸೋರಿ ಮಡಿಲು ನೆನೆದಿತ್ತು.

ಹತ್ತು ಗಂಟೆಗೆ ಮೊಬೈಲಿನ ಮುಂದೆ ಕೂತು, ಎಡಗೈಯಿಂದ ತೊಡೆ ತಟ್ಟುತ್ತ, ಗಂಟಲೆತ್ತಿ ಹಾಡಿದೆ: ಒಂದಕ್ಕೆ ಬಂತು! ಹಾಲಿನಲ್ಲಿ ಟಿವಿಯ ಸದ್ದು ತಟ್ಟನೆ ನಿಂತಿತು. “ಯಾರಿಗೇ?” ಎಂದರು ನಮ್ಮ ಮನೆಯವರು. ಶ್ವೇತಾ ಸೆರಗಿಲ್ಲದ ಚೂಡಿದಾರದವಳು, ನನ್ನ ಸೆರಗನ್ನೇ ಬಾಯಿಗೆ ತುರುಕಿಕೊಂಡು ನಕ್ಕಳು. ಆ ಕಡೆ ಕಮಲಮ್ಮ ನಕ್ಕರು. ಮೊಬೈಲಿನ ಪುಟ್ಟ ಚೌಕದೊಳಗೆ, ಮೊದಲೆಲ್ಲ ಗೋಡೆ ಕಡೆ ತಿರುಗುತ್ತಿದ್ದ ಆರ್ಮುಗಂ ನೇರ ನಮ್ಮನ್ನೇ ನೋಡಿ, ಅರ್ಧ ಬಾಯಲ್ಲಿ ನಕ್ಕರು.

ಮಾತು ಬರುವುದು ಹಾಲು ಉಕ್ಕಿದಂತಲ್ಲ. ಒಂದು ‘ನೀರು’ ಬರಲು ಎಷ್ಟೋ ಬೆಳಗುಗಳು ಬೇಕಾದವು. ನನಗೆ ತಾಳ್ಮೆ ಕಡಿಮೆ, ಅವರು ತಡವರಿಸಿದ ಕೂಡಲೇ ನಾನೇ ಪೂರ್ತಿ ಮಾಡಿಬಿಡುತ್ತಿದ್ದೆ. “ತುಂಬಬೇಡಿ ಅತ್ತೆ, ಕಾಯಿರಿ,” ಎಂದು ಶ್ವೇತಾ ನನ್ನ ಮಂಡಿ ಒತ್ತುತ್ತಿದ್ದಳು. ಕಾಯುತ್ತಿದ್ದೆವು, ಮೂವರು ಹೆಂಗಸರು, ಉಸಿರು ಹಿಡಿದು. ಆ ತುಟಿಗಳು ಒಂದು ಅಕ್ಷರವನ್ನು ಹುಡುಕುವುದನ್ನು ನೋಡಿದ್ದೇನೆ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಹಾಕಿ ಹುಡುಕಿದ ಹಾಗೆ. ಸಿಕ್ಕಿತು ಅನ್ನುವಾಗ ಜಾರುತ್ತದೆ, ಮತ್ತೆ ಇಳಿಯುತ್ತದೆ. ಒಂದು ದಿನ ಮೇಲೆ ಬಂತು: ನೀರು ಕೊಡು ಬಾ. ಕಮಲಮ್ಮ ಓಡಿಹೋಗಿ ತಂದರು. ಅವರು ಕುಡಿದ ಆ ಲೋಟ ನೀರನ್ನು ನಾವಿಬ್ಬರೂ ಇಲ್ಲಿ ಕೂತು, ಕೊನೆಯ ಗುಟುಕಿನ ತನಕ ನೋಡಿದೆವು.

ಬಸ್ಸು ಬಿಟ್ಟ ಮೇಲೆ ಶ್ವೇತಾಳ ಜೊತೆ ನ್ಯೂ ಟೌನಿಗೆ ಹೋಗಿದ್ದೆ. ಆರ್ಮುಗಂ ವರಾಂಡದಲ್ಲಿ ಕುರ್ಚಿ ಹಾಕಿ ಕೂತಿದ್ದರು. ನನ್ನನ್ನು ಕಂಡು ಎಡಗೈ ಎತ್ತಿ ಎದೆಗಿಟ್ಟುಕೊಂಡು, “ಬಂದ್ರಾ... ಅಮ್ಮ... ಬನ್ನಿ,” ಎಂದರು, ಒಂದೊಂದು ಮಾತಿನ ನಡುವೆ ಒಂದೊಂದು ಉಸಿರು ಬಿಟ್ಟು. ಕಮಲಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಸಂಭ್ರಮದಿಂದ ಪಿಸುಗುಟ್ಟಿದರು: “ನಿನ್ನೆ ನನ್ನ ಬೈದ್ರಮ್ಮ! ಕಾಫಿಗೆ ಸಕ್ಕರೆ ಕಮ್ಮಿ ಅಂತ. ಚೆನ್ನಾಗಿ ಬೈದ್ರು! ಅದೂ ನಿಮ್ ಶಿವನ ರಾಗದಲ್ಲೇ!”

ಈಗ ಶ್ವೇತಾ ಒಂಬತ್ತಕ್ಕೆಲ್ಲ ಆಸ್ಪತ್ರೆಗೆ ಹೊರಡುತ್ತಾಳೆ. ದೇವರ ಮನೆ ಪೂರ್ತಿ ನನ್ನದೇ. ದಿನದ ಕೊನೆಗೆ ಶಿವ ಕೊಟ್ಟದ್ದನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ಮೊದಲೆಲ್ಲ ಹಾಲು ಒಡೆಯಲಿಲ್ಲ, ಕರೆಂಟ್ ಹೋಗಲಿಲ್ಲ, ಮಂಡಿ ನೋವು ಕಡಿಮೆಯಿತ್ತು, ಇಂಥವೇ. ಈಗ ಆ ಲೆಕ್ಕ ಬೆಳಗಿನಲ್ಲೇ ಶುರುವಾಗುತ್ತದೆ.

ಇವತ್ತು ಎದ್ದು ಕೂದಲು ಗಂಟು ಹಾಕಿಕೊಳ್ಳುತ್ತಿದ್ದೆ. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡೇ ಕೇಳಿದರು, “ಗಂಟೆ ಎಷ್ಟೇ?”

“ಆರೂಕಾಲು,” ಎಂದೆ.

ಅವರು ಹುಡುಕಲಿಲ್ಲ, ನಾನೂ ಹುಡುಕಲಿಲ್ಲ. ಎರಡು ಮಾತು ತಾವಾಗಿ ಬಂದು, ಗಾಳಿಯಲ್ಲಿ ದಾಟಿ, ಹೋಗಿ ಸೇರಿದವು. ಎದ್ದವಳು ಮತ್ತೆ ಮಂಚದ ಅಂಚಿಗೆ ಕೂತೆ.

“ಯಾಕೇ, ಏನಾಯ್ತು?”

“ಏನಿಲ್ಲ. ಇನ್ನೊಂದ್ಸಲ ಕೇಳಿ.”

“ಏನನ್ನ?”

“ಗಂಟೆ ಎಷ್ಟು ಅಂತ.”